ಏರಿಕ್ ಅಂದ ಮಾತು

ಇಳಕಲ್ಲಿನ ನಜ್ಮುನ್ನೀಸಾ ಅಮೆರಿಕಕ್ಕೆ ಬಂದು ಇಪ್ಪತ್ತೊಂಬತ್ತು ವರ್ಷ. ಗಂಡ ಕಲೀಮ್ ತೀರಿಕೊಂಡ ಮೇಲೆ ಲೈಲ್ ಎಂಬ ಊರಿನ ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ. ಮಗಳು ಇರಮ್ ಆನ್ ಆರ್ಬರಿನಲ್ಲಿ ಸಂಶೋಧಕಿ, ಭಾನುವಾರಕ್ಕೊಮ್ಮೆ ಫೋನು. ಉಳಿದ ದಿನ ನಜ್ಮುನ್ನೀಸಾ ಬಾಯಿ ಬಿಡುತ್ತಿದ್ದುದು ತಾನು ಸಹಾಯಕಿಯಾಗಿ ದುಡಿಯುವ ಅರೋರಾದ ವೃದ್ಧರ ಆರೈಕೆ ಮನೆಯಲ್ಲಿ, ಅದೂ ‘ಈ ಕಡೆ ತಿರುಗಿ’, ‘ನೋವಾಯಿತೇ’ ಎನ್ನುವಷ್ಟು ಇಂಗ್ಲಿಷಿಗೆ ಮಾತ್ರ.

ಅಲ್ಲಿನ ಹದಿನಾಲ್ಕನೆಯ ಕೋಣೆಯಲ್ಲಿದ್ದ ಏರಿಕ್‌ಗೆ ತೊಂಬತ್ತೊಂದು. ಸ್ವೀಡನ್ನಿನಿಂದ ಬಂದು ಬಡಗಿಯಾಗಿ ದುಡಿದವನು. ಮರೆವಿನ ಕಾಯಿಲೆ ಅವನ ಇಂಗ್ಲಿಷನ್ನು ಅಳಿಸಿ, ಹುಟ್ಟೂರಿನ ಮಾತನ್ನಷ್ಟೇ ಉಳಿಸಿತ್ತು. ಒಂದು ದಿನ ಬೆನ್ನಿನ ಹುಣ್ಣು ನೋಯದಂತೆ ಅವನ ಮಗ್ಗುಲು ಬದಲಿಸಿದಾಗ ಅವಳನ್ನೇ ನೋಡಿ, “ಕುನ್ನಿ” ಎಂದ. ಮರುದಿನವೂ ಅದೇ.

ಇಳಕಲ್ಲಿನಲ್ಲಿ ಕುನ್ನಿ ಎಂದರೆ ನಾಯಿಮರಿ. ಸಿಟ್ಟು ಬಂದರೆ ಮನುಷ್ಯರಿಗೂ ಅನ್ನುವ ಬೈಗುಳ. ಈ ಮುದುಕನಿಗೆ ಕನ್ನಡ ಬಾರದೆಂದು ತಿಳಿದೂ ನಜ್ಮುನ್ನೀಸಾಳಿಗೆ ತಡೆಯಲಾಗಲಿಲ್ಲ. ಬೇರೆ ಕೋಣೆಯ ಕೆಲಸ ಕೇಳಿ ಪಡೆದಳು.

ಎರಡು ತಿಂಗಳಾದರೂ ಅದು ಮನಸ್ಸಿನಿಂದ ಹೋಗಲಿಲ್ಲ. ಕೊನೆಗೊಂದು ಭಾನುವಾರ ಮಗಳನ್ನೇ ಕೇಳಿದಳು. “ಸ್ವೀಡನ್ ಭಾಷೆಯಾಗ ಕುನ್ನಿ ಅಂದ್ರ ಏನಬೇ?”

ಇರಮ್ ಹುಡುಕಿ, ಇಂಗ್ಲಿಷಿನಲ್ಲೇ ಓದಿ ಹೇಳಿದಳು. ಬರೆಯುವುದು ಕುನ್ನಿಗ್, ಕೊನೆಯ ಗ ಮಾತಿನಲ್ಲಿ ಎಷ್ಟೋ ಸಲ ಕೇಳಿಸುವುದಿಲ್ಲ. ಬಲ್ಲವರು, ಕೆಲಸ ಚೆನ್ನಾಗಿ ಗೊತ್ತಿರುವವರು ಎಂದರ್ಥ. ಹಿಂದಿನ ಕಾಲದಲ್ಲಿ ಮಾಟಮಂತ್ರ ಬಲ್ಲವರಿಗೂ ಅನ್ನುತ್ತಿದ್ದರು. ಸಂಸ್ಕೃತದ ‘ಜ್ಞಾ’ ಕೂಡ ಅದೇ ಬೇರಿನದು.

“ಅಂದ್ರ ಜ್ಞಾನ? ನಮ್ಮ ಜಾಣ, ಜಾಣಿ?”

“ಯಾ, ಅಮ್ಮಿ. ಸೇಮ್ ರೂಟ್. ಹೂ ಕಾಲ್ಡ್ ಯೂ ದಟ್?”

ನಜ್ಮುನ್ನೀಸಾ ಆಮೇಲೆ ಹೇಳುತ್ತೇನೆಂದು ಫೋನಿಟ್ಟಳು. ಜಾಣಿ ಎಂದು ಯಾರಾದರೂ ಅಂದು ಎಷ್ಟು ವರ್ಷವಾಯಿತೆಂದು ನೆನಪಾಗಲಿಲ್ಲ.

ಸೋಮವಾರ ಹದಿನಾಲ್ಕನೆಯ ಕೋಣೆಯನ್ನು ಮತ್ತೆ ಕೇಳಿಕೊಂಡಳು. ಏರಿಕ್ ಆಗಲೇ ಮಾತು ನಿಲ್ಲಿಸಿದ್ದ. ಕಣ್ಣು ಕಿಟಕಿಯಲ್ಲಿ ನೆಟ್ಟಿತ್ತು.

“ತಪ್ಪಾತ್ರಿ ಯಜಮಾನ್ರ, ನನಗ ತಿಳೀಲಿಲ್ಲ” ಎಂದಳು ಕನ್ನಡದಲ್ಲೇ. ಅವನು ತಿರುಗಲಿಲ್ಲ.

ಅಂದಿನಿಂದ ಕೆಲಸ ಮಾಡುತ್ತಲೇ ಅವನೊಡನೆ ಕನ್ನಡದಲ್ಲಿ ಮಾತಾಡತೊಡಗಿದಳು. ಅಪ್ಪನ ಮಗ್ಗದ ಸುದ್ದಿ, ಕಲೀಮನ ಕೆಮ್ಮು, ಮಗಳ ಅವಸರ. ಹತ್ತೊಂಬತ್ತು ದಿನ ಹೀಗೇ ನಡೆಯಿತು. ಏಪ್ರಿಲಿನಲ್ಲಿ ಏರಿಕ್ ತೀರಿಕೊಂಡ.

ಹೊಸಬರು ಬರುವ ತನಕ ಎರಡು ದಿನ ಕೋಣೆ ಖಾಲಿಯಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ನಜ್ಮುನ್ನೀಸಾ ಊಟದ ಡಬ್ಬಿ ತಂದು ಅಲ್ಲೇ ಕುಳಿತು ಉಂಡಳು.