ಚಾಚಾ ಕೊರೆದ ದುಂಡು ಮೂಲೆಗಳು

ಮೊನ್ನೆ ಧಾರವಾಡದಲ್ಲಿ ಮಗಳ ಕಾಗದಪತ್ರ ಲ್ಯಾಮಿನೇಷನ್ ಮಾಡಿಸುವಾಗ ಕಾದ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ಹನ್ನೊಂದು ವರ್ಷವಾದರೂ ಆ ವಾಸನೆ ನನ್ನನ್ನು ಆ ಮೂರು ದಿನಗಳಿಗೆ ಎಳೆದೊಯ್ಯುತ್ತದೆ.

ಆಗ ನಾವು ಉಣಕಲ್ ಕೆರೆಯ ಹತ್ತಿರ ಇದ್ದೆವು. ಮಗಳಿಗೆ ಆರು ವರ್ಷ, ಆಟಿಸಂ, ಒಂದು ಮಾತೂ ಬಂದಿರಲಿಲ್ಲ. ಮಾತು ಕಲಿಸುವ ಮೇಡಂ ಚಿತ್ರದ ಕಾರ್ಡು ಮಾಡಿಸಲು ಹೇಳಿದ್ದರು. ನೀರು, ಅನ್ನ, ನೋವು, ಸಾಕು... ಬೇಕಾದದ್ದರ ಕಾರ್ಡನ್ನು ಅವಳು ನಮ್ಮ ಕೈಗಿಡಬೇಕು. ಓಣಿಯ ತುದಿಯ ಝೆರಾಕ್ಸ್ ಅಂಗಡಿಯ ಚಾಚಾ ಅವನ್ನು ಲ್ಯಾಮಿನೇಷನ್ ಮಾಡಿ, ಮೂಲೆಗಳನ್ನು ಕತ್ತರಿಯಿಂದ ದುಂಡಗೆ ಕೊರೆಯುತ್ತಿದ್ದರು.

"ಕೂಸು ಬಾಯಾಗ ಇಟ್ಕೊಳ್ತೈತಿ ಬೇಟಾ, ಚುಚ್ಚಬಾರ್ದು" ಅನ್ನುತ್ತಿದ್ದರು. ಕೆಟ್ಟ ಪ್ರತಿಗಳನ್ನೂ ಎಸೆಯದೆ, ಅವಳು ಬಂದಾಗ ಆಡಲೆಂದು ಒಂದು ಡಬ್ಬಿಯಲ್ಲಿ ಇಟ್ಟಿದ್ದರು.

ನಮ್ಮತ್ತೆಗೆ ಮಾತ್ರ ಇದು ಹಿಡಿಸಲಿಲ್ಲ. "ಚಿತ್ರ ಕೊಟ್ರ ಎಲ್ಲಾ ಸಿಗತೈತಿ ಅಂದ್ರ ಆಕಿ ಬಾಯಿ ಯಾಕ ಬಿಚ್ಚತಾಳ?" ಅಂದರು. ಹಾಗೇನೂ ಆಗುವುದಿಲ್ಲ ಎಂದು ಮೇಡಂ ನೂರು ಸಲ ಹೇಳಿದ್ದರು. ಆದರೆ ಹೆದರಿಕೆ ಅನ್ನುವುದು ಬುದ್ಧಿಯ ಮಾತು ಕೇಳುತ್ತದೆಯೇ? ಮಗಳು ಜನ್ಮಪೂರ್ತಿ ಮೂಕಿಯಾಗಿಯೇ ಉಳಿದರೆ ಎಂದು ಕಾರ್ಡುಗಳನ್ನೆಲ್ಲ ಕಪಾಟಿನಲ್ಲಿಟ್ಟು ಕೀಲಿ ಹಾಕಿದೆ.

ಮೂರು ದಿನ ಅವಳು ಚೀರಿದಳು, ಕಪಾಟು ಬಡಿದಳು, ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು. ಹಟ ಅಂದುಕೊಂಡೆ, ಹುಚ್ಚಿ ನಾನು. ಮೂರನೆಯ ದಿನ ಮಧ್ಯಾಹ್ನ ನೋಡಿದರೆ ಬಾಗಿಲು ತೆರೆದಿತ್ತು, ಮಗಳಿಲ್ಲ.

ನೀರು ಕಂಡರೆ ಇಳಿದುಬಿಡುವ ಹುಡುಗಿ. ಕರೆದರೆ ಓಗೊಡಲಾರಳು, ಹೆಸರು ಕೇಳಿದರೆ ಹೇಳಲಾರಳು. ಬರಿಗಾಲಲ್ಲೇ ಕೆರೆಗೆ ಓಡಿದೆ. ದಂಡೆಯುದ್ದಕ್ಕೂ ಅವಳ ಕೆಂಪು ಫ್ರಾಕು ತೇಲುತ್ತಿದೆಯೇನೋ ಎಂದು ಹುಡುಕಿದೆ... ಆ ಹೊತ್ತು ಎಷ್ಟೆಂದು ಈಗಲೂ ಹೇಳಲಾರೆ. ಆಮೇಲೆ ಫೋನು ಬಂತು, ಚಾಚಾನದು.

"ಬೇಟಾ, ಕೂಸು ಇಲ್ಲೈತಿ."

ಅಂಗಡಿಯಲ್ಲಿ ಡಬ್ಬಿಯ ಕಾರ್ಡುಗಳು ನೆಲದ ತುಂಬ ಹರಡಿದ್ದವು. ಅವುಗಳಲ್ಲಿ 'ನೋವು' ಹುಡುಕಿ ಚಾಚಾನ ಕೈಗಿಟ್ಟಿದ್ದಳು, ಅವರ ಇನ್ನೊಂದು ಕೈಯನ್ನು ಎಳೆದು ತನ್ನ ಕೆನ್ನೆಗೆ ಒತ್ತಿಕೊಂಡಿದ್ದಳು. ಕೆನ್ನೆ ಬಾತಿತ್ತು.

"ಹಲ್ಲು ನೋಯಾಕತ್ತೈತಿ ಅಂತ ಹೇಳಾಕತ್ತಾಳ. ಮನ್ಯಾಗ ಹೇಳಿಲ್ಲೇನು?"

ಅವರು ಬೈದದ್ದಲ್ಲ, ಸುಮ್ಮನೆ ಕೇಳಿದ್ದು. ಮೂರು ದಿನ ಅವಳ ಬಾಯಿ ಕಟ್ಟಿದವಳು ನಾನೇ.

ಮಗಳಿಗೆ ಈಗ ಹದಿನೇಳು. ಫೋನಿನಲ್ಲಿ ಚಿತ್ರ ಒತ್ತಿದರೆ ಅದು ಅವಳ ಪರವಾಗಿ ಮಾತಾಡುತ್ತದೆ. ಬಾಯಿಂದಲೂ ಆರೇಳು ಮಾತು ಬರುತ್ತವೆ. ಅರ್ಧ ಒತ್ತಿ ನಿಲ್ಲಿಸಿದರೂ ಕಾದು ಕೂತು ಕೇಳುವವರು ಜಗತ್ತಿನಲ್ಲಿ ಇಬ್ಬರೇ ಇದ್ದೆವು, ನಾನು ಮತ್ತು ಚಾಚಾ. ಹೋದ ವರ್ಷ ಚಾಚಾ ತೀರಿಕೊಂಡರು. ಈ ತಿಂಗಳು ಡಾಕ್ಟರು ನನಗೆ ಬಿಪಿ ಮಾತ್ರೆ ಬರೆದಿದ್ದಾರೆ. ನಾನೂ ಹೋದ ಮೇಲೆ ಅವಳಿಗಾಗಿ ಕಾದು ಕೂರುವವರು ಯಾರು?