ಬಂಡೆಯ ಮುಂದೆ ಕೂತ ಮೇಷ್ಟ್ರು

ಚನ್ನಕೇಶವ ಮೇಷ್ಟ್ರು ಇಡೀ ಬೇಸಿಗೆ ಒಂದೇ ಬಂಡೆಯನ್ನು ಬರೆದರು. ಬಸವೇಶ್ವರನಗರದಲ್ಲಿ ಅವರ ಮನೆಯ ಎದುರಿನ ಖಾಲಿ ಸೈಟಿನಲ್ಲಿದ್ದ ಬಂಡೆ ಅದು. ಬೆಳಗಾದರೆ ಮಣೆ ಹಾಕಿ, ಬಣ್ಣದ ಡಬ್ಬಿ ತೆರೆದು ಕೂತರೆ ಬಿಸಿಲು ನೆತ್ತಿಗೆ ಬರುವವರೆಗೆ ಏಳುತ್ತಿರಲಿಲ್ಲ. ಬಂಡೆಯ ಬಿರುಕು, ಒಣಗಿದ ಪಾಚಿ, ಯಾರೋ ಸುಣ್ಣದಲ್ಲಿ ಗೀಚಿದ ಸೈಟ್ ನಂಬರು, ಕಾಗೆಯ ಹಿಕ್ಕೆ, ಎಲ್ಲವೂ ಚಿತ್ರಕ್ಕೆ ಬರಬೇಕು. ಹಿಕ್ಕೆ ಬಿಟ್ಟರೆ ಗಂಟೇನು ಹೋಗುತ್ತೆ ಎಂದು ಒಮ್ಮೆ ಕೇಳಿದೆ. "ಸುಳ್ಳಾಗುತ್ತೆ ಕಣಮ್ಮ" ಎಂದರು.

ಎರಡು ಸಾವಿರನೇ ಇಸವಿಯ ಆಚೀಚಿನ ಮಾತು. ನಾನು ವಿಜಯನಗರದ ಶಾಲೆಯೊಂದರಲ್ಲಿ ಪಾಠ ಹೇಳುತ್ತಾ ಅವರ ಮಹಡಿಯ ಮನೆಯಲ್ಲಿ ಬಾಡಿಗೆಗಿದ್ದೆ. ಅವರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಒಂಟಿ ಜೀವ. ಅವರಿಗೆ ಈ ಹುಚ್ಚು ಹಿಡಿಸಿದವನು, ಪ್ರಕೃತಿಯನ್ನು ಇದ್ದ ಹಾಗೇ ಬರೆಯಬೇಕು ಎಂದು ಪುಸ್ತಕ ಬರೆದ ಹತ್ತೊಂಬತ್ತನೆಯ ಶತಮಾನದ ಒಬ್ಬ ಇಂಗ್ಲಿಷ್ ಕಲಾವಿಮರ್ಶಕ. ಅವನ ಹೆಸರನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಮನೆಯ ಹಿರಿಯರ ಮಾತೆತ್ತಿದಂತೆ "ದೊಡ್ಡೋರು" ಎನ್ನುತ್ತಿದ್ದರು.

"ದೊಡ್ಡೋರು ಅಮೆರಿಕಕ್ಕೆ ಕಾಲಿಟ್ಟವರೇ ಅಲ್ಲ. ಬರೀ ಪುಸ್ತಕ ಹೋಯ್ತು, ಹಡಗಲ್ಲಿ. ಅದನ್ನ ಓದಿ ಅಲ್ಲಿನ ಪೇಂಟರ್‌ಗಳು ಕಾಡಿಗೆ ಹೋಗಿ ಕೂತ್ರು. ವಾಟರ್ ಕಲರ್ ಅಂದ್ರೆ ಹುಡುಗಾಟ ಅಂತಿದ್ದ ಕಾಲ. ಅದ್ರಲ್ಲೇ ಒಂದೊಂದು ಕಲ್ಲು, ಒಂದೊಂದು ಎಲೆ ಇದ್ದ ಹಾಗೇ ಬರೆದ್ರು."

"ಆಮೇಲೇನಾಯ್ತು ಮೇಷ್ಟ್ರೇ?"

"ಜನ ನಕ್ಕರು. ಜೀವ ಇಲ್ಲ ಅಂದ್ರು. ಸುಮಾರು ಜನ ಬಿಟ್ಬಿಟ್ರು. ನಾನು ಬಿಡಲ್ಲ."

ಮನುಷ್ಯರನ್ನು ಮಾತ್ರ ಮೇಷ್ಟ್ರು ಬರೆಯುತ್ತಿರಲಿಲ್ಲ. ಮನುಷ್ಯ ಅಲ್ಲಾಡುತ್ತಾನೆ, ನಿಂತರೂ ಬೇಕೆಂದೇ ಮುಖ ಮಾಡುತ್ತಾನೆ ಎಂಬುದು ಅವರ ತಕರಾರು.

ಪಕ್ಕದ ಸೈಟಿನಲ್ಲಿ ಮನೆ ಕಟ್ಟಲು ರಾಯಚೂರು ಕಡೆಯ ಸಂಸಾರವೊಂದು ಬಂದು ತಗಡಿನ ಶೆಡ್ಡಿನಲ್ಲಿತ್ತು. ಆ ಸಂಸಾರದ ಹೆಂಗಸು ಯಲ್ಲವ್ವ ಗಾರೆ ಹೊರಲು ಹೋದರೆ ಅವಳ ಎರಡು ಮಕ್ಕಳಲ್ಲಿ ದೊಡ್ಡವಳಾದ ಕಸ್ತೂರಿ ಮೇಷ್ಟ್ರ ಪಕ್ಕ ಬಂದು ಕೂರುತ್ತಿದ್ದಳು. ಮಾತಿಲ್ಲ, ಕತೆಯಿಲ್ಲ. ಅವರು ಬಂಡೆ ನೋಡುತ್ತಿದ್ದರು, ಅವಳು ಅವರ ಕೈ ನೋಡುತ್ತಿದ್ದಳು. ಮಳೆಗಾಲ ಶುರುವಾದಾಗ ಆ ಹುಡುಗಿಗೆ ಜ್ವರ ಬಂತು. ಆಸ್ಪತ್ರೆಗೆ ಸೇರಿಸಿದರೂ ಉಳಿಯಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಯಲ್ಲವ್ವ ಮೇಷ್ಟ್ರ ಬಾಗಿಲಿಗೆ ಬಂದಳು. ಮಗಳದ್ದು ಒಂದು ಫೋಟೋ ಕೂಡ ಇರಲಿಲ್ಲ.

"ಸಾಹೇಬ್ರ, ನಮ್ ಹುಡುಗಿ ಮಾರಿ ಒಂದ್ ತೆಗದು ಕೊಡ್ರಿ. ದಿನಾ ನಿಮ್ ಬಾಜೂಕ ಕುಂದ್ರತಿತ್ತಲ್ರಿ."

ಮೇಷ್ಟ್ರು ಕಾಗದ ತೆಗೆದು ಪೆನ್ಸಿಲ್ ಹಿಡಿದರು. ಮುಖದ ಸುತ್ತಿನ ಗೆರೆ ಬಂತು, ಒಳಗೆ ಏನೂ ಬರಲಿಲ್ಲ. ಮೂಗು ಹೇಗಿತ್ತಮ್ಮ ಎಂದು ಅವಳನ್ನೇ ಕೇಳಿದರು. ಅವಳು ಅರ್ಥವಾಗದೆ, ಅಲ್ಲೇ ನಿಂತಿದ್ದ ನನ್ನ ಕಡೆ ನೋಡಿದಳು. ಕೊನೆಗೆ ಮೇಷ್ಟ್ರೇ ಬಾಯಿಬಿಟ್ಟರು.

"ನಾನು ನೋಡ್ಲಿಲ್ಲ ತಾಯಿ. ಪಕ್ಕದಲ್ಲೇ ಕೂತಿರ್ತಿದ್ಳು, ನೋಡ್ಲೇ ಇಲ್ಲ."

ಅವಳು ಸೆರಗು ಬಾಯಿಗೊತ್ತಿಕೊಂಡು ಹೋದಳು. ಅಂದಾಜಿನ ಮೇಲೆ ಒಂದು ಮುಖ ಬರೆದುಕೊಡಿ, ಹೆತ್ತ ಕರುಳಿಗೆ ಅಷ್ಟಾದರೂ ಸಮಾಧಾನವಾಗಲಿ ಎಂದೆ.

"ಯಾರದೋ ಮುಖಕ್ಕೆ ಆಕೆ ದಿನಾ ಊದುಬತ್ತಿ ಹಚ್ಬೇಕೇನಮ್ಮ?"

ಅವತ್ತು ಮೇಷ್ಟ್ರ ಮೇಲೂ ಅವರ ದೊಡ್ಡೋರ ಮೇಲೂ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸಮುದ್ರದಾಚೆಯವರಿಗೆ ಕಲ್ಲು ನೋಡುವುದನ್ನು ಕಲಿಸಿದ ಮಹಾನುಭಾವನಿಗೆ, ಒಮ್ಮೆ ಪಕ್ಕಕ್ಕೂ ತಿರುಗಿ ಎಂದು ಹೇಳಲು ಏನಾಗಿತ್ತು ಧಾಡಿ? ಆದರೆ ಮೇಷ್ಟ್ರು ಸೊರಗಿದ್ದನ್ನು ನೋಡಿದ ಮೇಲೆ ಸಿಟ್ಟು ನಿಲ್ಲಲಿಲ್ಲ. ಅವರು ಬಂಡೆಯ ಕಡೆ ಹೋಗುವುದನ್ನೇ ಬಿಟ್ಟರು. ಊಟವೂ ಅಷ್ಟಕ್ಕಷ್ಟೆ.

ಕಟ್ಟಡದ ಕೆಲಸ ಮುಗಿದು ಊರಿಗೆ ಹೊರಟ ದಿನ ಯಲ್ಲವ್ವ ಮತ್ತೆ ಬಂದಳು. ಗಂಡ ಗಂಟುಮೂಟೆ ಹೊತ್ತು ಗೇಟಿನಾಚೆ ನಿಂತಿದ್ದ. ಕಂಕುಳಲ್ಲಿದ್ದ ಚಿಕ್ಕ ಕೂಸನ್ನು ಅವಳು ಮೇಷ್ಟ್ರ ಎದುರು ನೆಲದ ಮೇಲೆ ಕೂರಿಸಿದಳು.

"ಇದನ್ನರ ನೋಡ್ರಿ ಸಾಹೇಬ್ರ. ಈಗ ಐತಲ್ರಿ, ಈಗ ನೋಡಿ ತೆಗೀರಿ."

ಕೂಸು ಕೂತಲ್ಲಿ ಕೂರಲಿಲ್ಲ. ಅಂಬೆಗಾಲಿಟ್ಟು ಬಾಗಿಲವರೆಗೆ ಹೋಯಿತು, ಮೇಷ್ಟ್ರೂ ಕಾಗದ ಸಿಕ್ಕಿಸಿದ ಹಲಗೆ ಹಿಡಿದು ಮಂಡಿಯೂರಿ ಅದರ ಹಿಂದೆಯೇ ಹೋದರು. ಮೂಗಿನ ಸಿಂಬಳ, ಕೆನ್ನೆಯ ದೃಷ್ಟಿಬೊಟ್ಟು, ಯಾವುದನ್ನೂ ಬಿಡಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಗಂಡ ಕೂಗಿದ. ಯಲ್ಲವ್ವ ಕದಲಲಿಲ್ಲ. ಚಿತ್ರ ಕೈಗೆ ಬಂದಾಗ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಇದರ ಅಕ್ಕನ ಕಣ್ಣೂ ಹಿಂಗ ಇದ್ವುರಿ" ಎಂದಳು.

ಮೇಷ್ಟ್ರು ಗೋಡೆಯ ಕಡೆ ತಿರುಗಿ ಕೂತುಬಿಟ್ಟರು. ಅವರು ಅಳುವುದನ್ನು ಆವರೆಗೆ ನಾನು ಕಂಡಿರಲಿಲ್ಲ.

ಮುಂದಿನ ಬೇಸಿಗೆಗೆ ಅವರಿರಲಿಲ್ಲ. ಅವರ ತಂಗಿಯ ಮಗನ ಜೊತೆ ಬೀರು ಖಾಲಿ ಮಾಡಿದವಳು ನಾನೇ. ಬಂಡೆ, ಎಲೆ, ಬೇರು, ಮತ್ತೆ ಬಂಡೆ. ಇಷ್ಟೇನಾ ಎಂದು ಆ ಹುಡುಗ ಕೇಳಿದ. ಅವರು ಬರೆದ ಒಂದೇ ಒಂದು ಮುಖ ಯಲ್ಲವ್ವನ ಗಂಟಿನಲ್ಲಿ ಊರಿಗೆ ಹೋಗಿತ್ತು.