ಇಂಥವನ ಹೆಂಡತಿ, ಇಂಥವನ ತಾಯಿ

ಇವತ್ತು ಬೆಳಿಗ್ಗೆ ಮತ ಹಾಕಿ ಬಂದವನು ಚಪ್ಪಲಿ ಬಿಡುವ ಮೊದಲೇ ಎಡಗೈ ತೋರುಬೆರಳನ್ನು ಮೂಸಿ ನೋಡಿದೆ. ನೀವೂ ಒಮ್ಮೆ ಮೂಸಿ ನೋಡಿ. ನಾಚಿಕೆ ಏನಿಲ್ಲ, ಎಲ್ಲರೂ ಮನೆಗೆ ಬಂದು ಕದ್ದು ಮೂಸುವವರೇ. ಔಷಧದ ಅಂಗಡಿಯೂ ಹೊಸದಾಗಿ ಬಣ್ಣ ಬಳಿದ ಬಾಗಿಲೂ ಒಟ್ಟಿಗೆ ಸೇರಿದಂಥ ವಾಸನೆ. ಮತಗಟ್ಟೆಯಲ್ಲಿ ಬೆರಳಿಗೆ ಗೆರೆ ಎಳೆದ ಹುಡುಗಿಗೆ, ಈ ಶಾಯಿ ನಮ್ಮ ಮೈಸೂರಿನದು ಎಂದು ಹೇಳಿ ಎದೆ ಉಬ್ಬಿಸಿದೆ. ನಾನು ಧಾರವಾಡದ ಕಡೆಯವನು, ಮೈಸೂರನ್ನು ಒಂದು ಸಲ ರೈಲಿನ ಕಿಟಕಿಯಿಂದ ನೋಡಿದ್ದೇನೆ ಅಷ್ಟೆ. ಆದರೂ ಶಾಯಿಯನ್ನು ನಾನೇ ಕೂತು ಕಲಸಿಕೊಟ್ಟವನ ಹಾಗೆ ಹೇಳಿದೆ. ಹುಡುಗಿ ನಕ್ಕು ಗೆರೆಯನ್ನು ಇನ್ನಷ್ಟು ದಪ್ಪಗೆ ಎಳೆದಳು.

ನೌಕರಿಗೆಂದು ಮಡಗಾಂವ್‌ಗೆ ಬಂದವನು ನಿವೃತ್ತನಾದ ಮೇಲೂ ಇಲ್ಲೇ ಉಳಿದೆ. ಈ ಊರಿನಲ್ಲಿ ನನ್ನಷ್ಟು ಕುಚೇಷ್ಟೆಯ ಮುದುಕ ಇನ್ನೊಬ್ಬನಿಲ್ಲ. ಇದು ಜಂಬವಲ್ಲ, ಬೇಕಾದರೆ ನಮ್ಮ ಬೀದಿಯಲ್ಲಿ ಯಾರನ್ನಾದರೂ ಕೇಳಿ. ಬರೀ ಸಂವಿಧಾನದ ಮೇಲೆ ಪಂಥ ಕಟ್ಟಿಯೇ ಜನರಿಂದ ಎಷ್ಟು ಚಹಾ ಕುಡಿದಿದ್ದೇನೋ ಲೆಕ್ಕವಿಲ್ಲ. ಮೂಲ ಪ್ರತಿಯನ್ನು ಅಚ್ಚು ಹಾಕಿದರೋ, ಟೈಪು ಮಾಡಿದರೋ? ಎರಡೂ ಅಲ್ಲ, ನಿಬ್ಬಿನ ಪೆನ್ನಿನಿಂದ ಕೈಯಲ್ಲಿ ಬರೆದದ್ದು. ಒಂದು ಚಹಾ ಬಂತು. ಸಹಿ ಹಾಕುವಾಗ ಸಭೆಯ ಅಧ್ಯಕ್ಷರಿಗೇ ಜಾಗ ಉಳಿಯದೆ ಅವರು ಮೇಲುಗಡೆ ಓರೆಯಾಗಿ ತುರುಕಿದರಂತೆ. ಇನ್ನೊಂದು ಚಹಾ. ಭಾಗಕ್ಕೊಂದು ಚಿತ್ರವಿದೆ, ಕೊನೆಯ ಭಾಗಕ್ಕೆ ಸಮುದ್ರದ ಚಿತ್ರ. "ಗೋವೆ ಆಗ ನಮ್ಮದಾಗಿರಲೇ ಇಲ್ಲ, ಪೋರ್ತುಗೀಸರ ಕೈಯಲ್ಲಿತ್ತು. ಆದರೂ ನೀವು ಬಂದಾಗ ಬೇಸರವಾಗಬಾರದೆಂದು ಮುಂಚೆಯೇ ಸಮುದ್ರ ಬಿಡಿಸಿಟ್ಟಿದ್ದರು, ನೋಡಿ" ಎಂದು ಇಲ್ಲಿನ ಗೆಳೆಯರ ತಲೆ ಸವರುತ್ತಿದ್ದೆ. ಆಗ ಚಹಾದ ಜೊತೆಗೆ ಬಿಸಿ ಬನ್ನೂ ಬರುತ್ತಿತ್ತು.

ಇವೆಲ್ಲಕ್ಕಿಂತ ದೊಡ್ಡದು ನಮ್ಮಪ್ಪನ ಕತೆ. ಅದನ್ನು ಬಸ್ಸಿನಲ್ಲಿ ಹೇಳುತ್ತೇನೆ, ಮೊದಲು ನೀಲವ್ವ ಹತ್ತಲಿ.

ನೀಲವ್ವ ವಿಜಾಪುರದ ಕಡೆಯವಳು. ಎಂಟ್ಹತ್ತು ವರ್ಷದ ಹಿಂದೆ ನಮ್ಮ ಪಕ್ಕದ ಜಾಗದಲ್ಲಿ ಅಪಾರ್ಟ್‌ಮೆಂಟು ಏಳುತ್ತಿದ್ದಾಗ ಅಲ್ಲಿ ಬುಟ್ಟಿ ಹೊರುವ ಕೆಲಸಕ್ಕೆ ಬರುತ್ತಿದ್ದಳು. ಕುಡಿಯುವ ನೀರಿಗೆ ನಮ್ಮ ನಲ್ಲಿಗೆ ಬಂದು, ಜೋಳದ ರೊಟ್ಟಿಯ ಮಾತಿನಿಂದ ಶುರುವಾಗಿ, ನನ್ನ ಹೆಂಡತಿಗೆ ಗೆಳತಿಯೇ ಆಗಿಬಿಟ್ಟಳು. ಅವಳಿದ್ದದ್ದು ಮಡಗಾಂವ್‌ನಿಂದ ಬಸ್ಸಿನಲ್ಲಿ ಹೋಗುವ ಒಂದು ಊರಲ್ಲಿ, ಬಾಡಿಗೆ ಕೋಣೆಯಲ್ಲಿ. ಊರಿನ ಹೆಸರು ಹೇಳುವುದಿಲ್ಲ. ಈ ಕತೆಯಲ್ಲಿ ಮುಂದೆ ಬರುವ ಗುಮಾಸ್ತ ಈಗ ನಿವೃತ್ತನಾಗಿ ನನ್ನ ಜೊತೆ ಬೆಳಿಗ್ಗೆ ವಾಕಿಂಗ್ ಬರುತ್ತಾನೆ, ನನಗೂ ಒಬ್ಬ ಜೊತೆಗಾರ ಬೇಕಲ್ಲ. ನೀಲವ್ವನಿಗೆ ಒಬ್ಬಳು ಮಗಳು. ಗಂಡ ಮಂಗಳೂರಿನ ಕಡೆ ಕೆಲಸಕ್ಕೆ ಹೋಗಿದ್ದಾನೆ ಎಂದು ಹೇಳುತ್ತಿದ್ದಳು.

ಒಂದು ದಿನ ಕೊಡ ತುಂಬುತ್ತ ಹೇಳಿದಳು, "ಅಕ್ಕಾರ, ಎಲೆಕ್ಷನ್ ಬಂದ್ರ ನಮ್ಮ ಓಣ್ಯಾಗ ಕೈ ಮುಗಕೋಂತ ಬರ್ತಾರ್ರಿ. ಬಾಜೂ ಮನಿ ಮುಂದ ನಿಂದರ್ತಾರ, ಆಚೀ ಮನಿ ಮುಂದ ನಿಂದರ್ತಾರ. ನನ್ನ ಬಾಗಲಾ ಬಂತಂದ್ರ ಕೈ ಕೆಳಗ ಇಳಿಸಿ ದಾಟಿ ಹೋಗ್ತಾರ."

"ಯಾಕವಾ?" ಎಂದಳು ನನ್ನ ಹೆಂಡತಿ.

"ಓಟಿನ ಪಟ್ಟ್ಯಾಗ ಹೆಸರಿಲ್ಲಲ್ರಿ. ಮಗಳು ಹುಟ್ಟಿದ್ದು ಇಲ್ಲೇ, ಸಾಲಿ ಕಲಿಯಾಕತ್ತಿದ್ದು ಇಲ್ಲೇ. ನಳಾ ಹಾಕಿಕೊಡ್ರಿ ಅಂತ ಪಂಚಾಯ್ತಿಗೆ ಹೋದ್ರ, ನೀ ಯಾರು ಅಂತಾರ."

ನಾನು ಕುರ್ಚಿಯಲ್ಲಿ ಕೂತು ಪೇಪರು ಓದುತ್ತಿದ್ದೆ. ನನ್ನ ಹೆಂಡತಿ ತಿರುಗಿ ನೋಡಿದ ರೀತಿಯಲ್ಲೇ ಇವತ್ತಿನ ಓದು ಮುಗಿಯಿತು ಎಂದು ತಿಳಿಯಿತು. "ದಿನಾ ಸಂವಿಧಾನಾ ಸಂವಿಧಾನಾ ಅಂತ ಊರವರ ಚಹಾ ಕುಡೀತೀರಲ್ಲ, ಹೋಗ್ರಿ, ಇಕಿ ಹೆಸರು ಹಚ್ಚಿಸಿಕೊಂಡು ಬರ್ರಿ. ಹಚ್ಚಿಸದ ಮನಿಗೆ ಬರಬ್ಯಾಡ್ರಿ."

ಹೀಗೆ ನಾನೂ ನೀಲವ್ವನೂ ಬಸ್ಸು ಹತ್ತಿದೆವು. ಅವಳು ಇದ್ದುದರಲ್ಲಿ ಚಲೋ ಇಳಕಲ್ ಸೀರೆ ಉಟ್ಟು, ರೇಷನ್ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಮುಖದಲ್ಲಿ ಅಳುಕು. ಅವಳನ್ನು ನಗಿಸೋಣ ಎಂದು ಅಪ್ಪನ ಕತೆ ತೆಗೆದೆ. ಅಲ್ಲಿಯವರೆಗೆ ಯಾರೂ ನಗದೆ ಉಳಿಯದ ಕತೆ ಅದು.

ನಮ್ಮಪ್ಪ ಹಳ್ಳಿಯಲ್ಲಿ ತಲಾಠಿ, ಅಂದರೆ ಊರ ಲೆಕ್ಕಪತ್ರ ಬರೆಯುವವನು. ಸ್ವಾತಂತ್ರ್ಯ ಬಂದ ಹೊಸತು. ದಿಲ್ಲಿಯಲ್ಲಿ ದೊಡ್ಡವರು ಸಂವಿಧಾನದ ಒಂದೊಂದು ಸಾಲಿಗೂ ವಾದ ಹೂಡಿ ಕೂತಿದ್ದಾಗಲೇ, ಇತ್ತ ಇಂಥ ತಲಾಠಿಗಳೂ ಗುಮಾಸ್ತರೂ ಮನೆಮನೆ ತಿರುಗಿ ಮತದಾರರ ಪಟ್ಟಿ ಬರೆಯತೊಡಗಿದ್ದರು. ಓದು ಬಂದವರು, ಬಾರದವರು, ಹೊಲ ಇದ್ದವರು, ಇಲ್ಲದವರು, ಗಂಡಸು, ಹೆಂಗಸು, ವಯಸ್ಸಿಗೆ ಬಂದವರೆಲ್ಲ. ಇದು ಭಾಳ ಜನರಿಗೆ ಗೊತ್ತಿಲ್ಲ. ಸಂವಿಧಾನ ಕಣ್ಣು ಬಿಡುವ ಮೊದಲೇ ಅದರ ಅಕ್ಕ ಹುಟ್ಟಿ ಅಂಗಳದಲ್ಲಿ ಓಡಾಡುತ್ತಿದ್ದಳು.

ಅಪ್ಪ ಬಾಗಿಲಲ್ಲಿ ನಿಂತು ಕೇಳುವನು, "ಮನ್ಯಾಗ ಹೆಣ್ಣುಮಕ್ಕಳು ಯಾರ್ಯಾರಪಾ?"

"ನಮ್ಮಾಕಿ, ನಮ್ಮವ್ವ."

"ಹೆಸರು?"

"ಹೆಸರ್ಯಾಕ್ರಿ? ನಾ ಅದೀನಲ್ಲ."

ಗಂಡಂದಿರು ಹೆಂಡತಿಯ ಹೆಸರು ಹೇಳುವುದಿಲ್ಲ, ಹೆಂಗಸರು ಪರಗಂಡಸಿಗೆ ತಮ್ಮ ಹೆಸರು ಹೇಳುವುದಿಲ್ಲ. ಅಪ್ಪ ಮಲ್ಲಪ್ಪನ ಹೆಂಡತಿ, ಬಸಪ್ಪನ ತಾಯಿ ಎಂದು ಬರೆದುಕೊಂಡು ಬಂದ. ಮೇಲಿನಿಂದ ಹುಕುಂ ಬಂತು, ಹೀಗೆ ನಡೆಯುವುದಿಲ್ಲ, ಹೆಸರು ತಾ, ಇಲ್ಲದಿದ್ದರೆ ಹೊಡೆದುಹಾಕು. ಉತ್ತರದ ಕಡೆಯಂತೂ ಹೀಗೆ ಲಕ್ಷಗಟ್ಟಲೆ ಹೆಂಗಸರ ಹೆಸರು ಹೋದವು. ಅಪ್ಪ ಎರಡನೆಯ ಸಲ ಬಸಪ್ಪನ ಮನೆಗೆ ಹೋದಾಗ ಕದದ ಹಿಂದಿನಿಂದ ಮುದುಕಿ ಕೇಳಿದಳಂತೆ, "ನನ್ನ ಹೆಸರು ತಗೊಂಡು ದಿಲ್ಲಿಯವರು ಏನ್ ಮಾಡ್ತಾರಪಾ? ಮಾಟಾ ಮಾಡಸ್ತಾರೇನು?"

ಈ ಮಾತನ್ನು ನಾನು ಮುದುಕಿಯ ದನಿಯಲ್ಲೇ ಹೇಳುತ್ತೇನೆ, ಸೆರಗು ಬಾಯಿಗೆ ಹಿಡಿದಂತೆ ಅಭಿನಯವೂ ಉಂಟು. ಹಿಂದಿನ ಸೀಟಿನವನು ಗೊಳ್ಳೆಂದ. ಅಪ್ಪ ಪಟ್ಟಿಯಲ್ಲಿ ಅವಳ ಸಾಲಿಗೆ ಕೆಂಪು ಗೆರೆ ಎಳೆದು ಎದ್ದು ಬಂದ ಎಂದು ಮುಗಿಸಿದೆ. ನೀಲವ್ವ ನಗಲಿಲ್ಲ.

"ಆಮ್ಯಾಲ?" ಎಂದಳು.

"ಆಮ್ಯಾಲ ಏನು? ಅಷ್ಟ."

"ಎಲ್ಲಾರೂ ಓಟ್ ಹಾಕಾಕ ಹೋದ ದಿನಾ ಆ ಮುದುಕಿ ಏನ್ ಮಾಡಿದ್ಲಂತ್ರಿ? ಮನ್ಯಾಗ ಕುಂತಿದ್ಲೋ, ಹೋಗಿ ತಿರುಗಿ ಬಂದ್ಲೋ? ನಿಮ್ಮಪ್ಪಾರಿಗೆ ಕೇಳಲಿಲ್ಲೇನ್ರಿ?"

ನಾನು ಚಿಲ್ಲರೆ ಬರಬೇಕೆಂದು ಕಂಡಕ್ಟರನನ್ನು ಕರೆದೆ. ಚಿಲ್ಲರೆ ಆಗಲೇ ಕಿಸೆಯಲ್ಲಿತ್ತು.

ಮತದಾರರ ಪಟ್ಟಿಯ ಕಚೇರಿಯಲ್ಲಿ ಸಾಲು ಉದ್ದ ಇತ್ತು. ನಮ್ಮ ಪಾಳಿ ಬಂದಾಗ ಗುಮಾಸ್ತ ತಲೆ ಎತ್ತದೆ ಕೊಂಕಣಿಯಲ್ಲಿ ಕೇಳಿದ, "ಬಾಯೆ, ಘೊವಾಚೆಂ ನಾಂವ್ ಕಿತೆಂ?" ಗಂಡನ ಹೆಸರೇನು ಅಂತ. ಅಷ್ಟು ವರ್ಷ ಗೋವೆಯಲ್ಲಿ ದುಡಿದವಳಿಗೆ ಅದು ತಿಳಿಯದ್ದಲ್ಲ. ಆದರೂ ಸುಮ್ಮನೆ ನಿಂತಳು. ನನಗೆ ನಗು ಬಂತು. ನಮ್ಮ ಕಡೆ ಹೆಣ್ಣುಮಕ್ಕಳು ಗಂಡನ ಹೆಸರು ಬರಿದೇ ಹೇಳುವುದಿಲ್ಲ, ಮದುವೆ ಮುಂಜಿಯಲ್ಲಿ ಯಾರಾದರೂ ಕಾಡಿದರೆ ಪ್ರಾಸದ ಎರಡು ಸಾಲು ಕಟ್ಟಿ ಅದರ ತುದಿಗೆ ಹೆಸರು ಇಟ್ಟು ಹೇಳುತ್ತಾರೆ. ಅದಕ್ಕೆ ಒಡಪು ಅನ್ನುತ್ತಾರೆ. "ನಾಚಬ್ಯಾಡ ನೀಲವ್ವ, ಒಂದು ಒಡಪು ಹಾಕಿ ಹೇಳಿಬಿಡು. ಇವರಿಗೂ ಗೊತ್ತಾಗಲಿ ನಮ್ಮ ಸೀಮಿ ಮಾತು" ಎಂದು ಪಿಸುಗುಟ್ಟಿದೆ.

ಅವಳು ಪಿಸುಗುಟ್ಟಲಿಲ್ಲ. "ಮರ್ಯಾದಿಗೆ ಬಾಯಿ ಮುಚ್ಚೇನಿ ಅಂತ ತಿಳದೀರೇನ್ರಿ ರಾಯರ? ಅಂವಾ ಮಂಗಳೂರಿಗೂ ಹೋಗಿಲ್ಲ, ಎಲ್ಲಿಗೂ ಹೋಗಿಲ್ಲ. ಇನ್ನೊಬ್ಬಾಕಿ ಕೂಡ ಸಂಸಾರ ಮಾಡಾಕತ್ತಾನ. ಬುಟ್ಟಿ ಹೊತ್ತು ಮಗಳನ್ನ ಸಾಕಿದಾಕಿ ನಾನು, ನನ್ನ ಓಟಿನ ಕಾರ್ಡಿನ ಮ್ಯಾಲೆ ಅವನ ಹೆಸರ್ಯಾಕ? ನಮ್ಮವ್ವಂದು ಬರೀ ಅನ್ರಿ. ಸತ್ಯವ್ವ ಅಂತ."

ನಾನು ಗುಮಾಸ್ತನಿಗೆ ಅವನ ಭಾಷೆಯಲ್ಲಿ ಹೇಳಿದೆ. ಅವನು ಆಗದು ಎಂದು ತಲೆಯಾಡಿಸಿದ. ಮದುವೆಯಾದವರಿಗೆ ಗಂಡನ ಹೆಸರೇ, ಇಲ್ಲದಿದ್ದರೆ ಅರ್ಜಿ ವಾಪಸು, ಮುಂದಿನವರು ಬನ್ನಿ. ನೀಲವ್ವ ಸರಿಯಲಿಲ್ಲ. ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆ ಅರ್ಜಿ ವಾಪಸಾದರೆ ಅವಳು ಇನ್ನೊಮ್ಮೆ ಬರುವವಳಲ್ಲ ಎಂದು ನನಗೆ ಗೊತ್ತಾಯಿತು. ಕೂಲಿ ಬಿಟ್ಟು, ಚಲೋ ಸೀರೆ ಉಟ್ಟು, ಎರಡನೆಯ ಸಲ ಯಾರು ಬರುತ್ತಾರೆ?

ನನಗೆ ಬರುವುದು ಒಂದೇ ವಿದ್ಯೆ. ಮೇಜಿನ ಮೇಲೆ ಮೊಣಕೈ ಊರಿ, "ಹಾಗಾದರೆ ನನ್ನದೂ ತಿದ್ದಿರಿ. ನಾನೂ ಮದುವೆಯಾದವನು, ನನ್ನ ಕಾರ್ಡಿನಲ್ಲಿ ಅಪ್ಪನ ಹೆಸರಿದೆ. ಅದನ್ನು ಹೊಡೆದು ಇಂಥವಳ ಗಂಡ ಅಂತ ಬರೆಯಿರಿ" ಎಂದೆ. ಸಾಲಿನಲ್ಲಿದ್ದವರು ಕಿವಿ ನಿಮಿರಿಸಿದರು. ಗುಮಾಸ್ತ ಸಾಮಾನ್ಯನಲ್ಲ. ಪೆನ್ನು ತೆರೆದು ಕೇಳಿದ, "ಆಗಲಿ, ಹೇಳಿ. ಹೆಂಡತಿಯ ಹೆಸರೇನು?"

ಬಾಯಿ ತೆರೆದೆ. ಹೆಸರು ಬರಲಿಲ್ಲ. ಮರೆತದ್ದಲ್ಲ ಸ್ವಾಮಿ, ನಾಲಿಗೆಗೆ ರೂಢಿಯೇ ಇಲ್ಲ. ಮದುವೆಯಾದಂದಿನಿಂದ "ಏ ಇಕಿನ", "ಕೇಳಿತೇನು" ಎಂದು ಕರೆದು ಗೊತ್ತು. "ಅದು... ನಮ್ಮ... ಮನೆಯವಳು" ಎಂದು ತಡವರಿಸಿದೆ. ಪೆನ್ನು ಕಾಯುತ್ತಿತ್ತು. ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಆಗ ನೀಲವ್ವ ಮೇಜಿನ ಅಂಚು ಬಿಟ್ಟಳು. "ನಾಚಬ್ಯಾಡ್ರಿ ರಾಯರ, ಒಡಪು ಹಾಕ್ರಿ!"

ಬೇರೆ ದಾರಿ ಇರಲಿಲ್ಲ. ಕಣ್ಣು ಮುಚ್ಚಿ ಹೇಳಿಬಿಟ್ಟೆ:

"ಬಿಸಿ ಬಿಸಿ ರೊಟ್ಟಿಗೆ ಬೆಣ್ಣಿ ಸವರಿ,
ನನ್ನ ಸೊಕ್ಕು ಮುರದಾಕಿ ಗೋದಾವರಿ!"

ಸಾಲಿನಲ್ಲಿದ್ದ ನಮ್ಮ ಕಡೆಯ ಕೂಲಿಯವರು ಸಿಳ್ಳೆ ಹೊಡೆದರು. ಅರ್ಥವಾಗದವರು ಅವರನ್ನು ನೋಡಿ ನಕ್ಕರು. ಗುಮಾಸ್ತನೂ ನಕ್ಕ. ಗದ್ದಲ ಕೇಳಿ ಒಳಗಿನ ಕೋಣೆಯಿಂದ ಅಧಿಕಾರಿ ಹೊರಬಂದರು, ಬಿಗಿ ಮುಖದ ನಡುವಯಸ್ಸಿನ ಹೆಂಗಸು. ನಾನು ಕೈಕಟ್ಟಿ ನಿಂತೆ. ಅವರು ವಿಷಯ ಕೇಳಿ, ಅರ್ಜಿಯನ್ನು ಕೈಗೆತ್ತಿಕೊಂಡು, ಕನ್ನಡಕ ಸರಿಮಾಡಿ, ಅಚ್ಚಾದ ಸಾಲನ್ನು ಗಟ್ಟಿಯಾಗಿ ಓದಿದರು: ತಂದೆಯ, ಅಥವಾ ತಾಯಿಯ, ಅಥವಾ ಗಂಡನ ಹೆಸರು. ಮೊದಲಿನಿಂದಲೂ ಅಲ್ಲೇ ಇತ್ತು. ಗುಮಾಸ್ತ ರೂಢಿಯ ಬಲದಿಂದ ಅದನ್ನು ಓದುವುದು ಬಿಟ್ಟು ಎಷ್ಟು ವರ್ಷವಾಗಿತ್ತೋ. ಸಂವಿಧಾನದ ಕೊನೆಯ ಚಿತ್ರ ಯಾವುದೆಂದು ಬಲ್ಲ ನಾನು ಎದುರಿಗಿದ್ದ ಒಂದು ಸಾಲು ಓದಿರಲಿಲ್ಲ.

"ತಾಯಿಯ ಹೆಸರು ಬರೆಯಿರಿ" ಎಂದು ಹೇಳಿ ಅಧಿಕಾರಿ ಒಳಗೆ ಹೋದರು. ನೀಲವ್ವನನ್ನು ಏನೂ ಕೇಳಲಿಲ್ಲ. ಗುಮಾಸ್ತ ಬರೆದ. ಬರೆಯುವಾಗ ನೀಲವ್ವ ಕತ್ತು ಚಾಚಿ ಅವನ ಪೆನ್ನಿನ ತುದಿಯನ್ನೇ ನೋಡುತ್ತಿದ್ದಳು. ಓದಲು ಬರುತ್ತಿರಲಿಲ್ಲ, ಆದರೂ ನೋಡಿದಳು.

ನಾನು ಮನೆ ಮುಟ್ಟಿದ ಮರುದಿನವೇ ಒಡಪಿನ ಸುದ್ದಿ ನಲ್ಲಿಯ ಹತ್ತಿರ ಬಿತ್ತರವಾಯಿತು. "ಇಷ್ಟು ವರ್ಷಕ್ಕ ಒಮ್ಮೆ ಹೆಸರು ಹೇಳಿದ್ರಿ, ಅದೂ ಸರಕಾರಿ ಆಫೀಸಿನ್ಯಾಗ, ಸಾಲು ನಿಂತವರ ಮುಂದ" ಎಂದು ಗೋದಾವರಿ ಚಹಾದ ಕಪ್ಪನ್ನು ಸ್ವಲ್ಪ ಜೋರಾಗಿಯೇ ಇಟ್ಟಳು. ಆದರೆ ಆವತ್ತು ಚಹಾಕ್ಕೆ ಶುಂಠಿ ಬಿದ್ದಿತ್ತು.

ನೀಲವ್ವನ ಕಾರ್ಡು ಬಂತು. ಮುಂದಿನ ಚುನಾವಣೆಗೆ ಅವಳ ಬಾಗಿಲಿಗೂ ಕೈಮುಗಿದವರು ಬಂದರಂತೆ. "ಒಲಿ ಮ್ಯಾಲೆ ಹಾಲಿತ್ತು ರಾಯರ. ನಿಂದ್ರಿ, ಬಂದ್ನಿ ಅಂದ್ನಿ. ಹಾಲು ಉಕ್ಕೂತನಾ ನಿಂದರಸಿದ್ನಿ!" ಎಂದು ಹೇಳಿ ನಕ್ಕ ನಗು ಇತ್ತಲ್ಲ, ಅಂಥ ನಗುವನ್ನು ನನ್ನ ಯಾವ ಕತೆಯೂ ಯಾರಿಂದಲೂ ಹೊರಡಿಸಿಲ್ಲ. ಅಪಾರ್ಟ್‌ಮೆಂಟು ಮುಗಿದ ಮೇಲೆ ಅವಳು ನಮ್ಮ ಕಡೆ ಬರುವುದು ಕಡಿಮೆಯಾಯಿತು.

ಬಸ್ಸಿನ ಪ್ರಶ್ನೆಯನ್ನು ಮಾತ್ರ ಇಲ್ಲೇ ಬಿಟ್ಟು ಹೋದಳು. ಅದಾದ ಮೇಲೂ ಅಪ್ಪನ ಕತೆಯನ್ನು ನಾನು ಹೇಳಲಿಲ್ಲವೆಂದಲ್ಲ. ಹೇಳಿದೆ, ಜನ ನಕ್ಕರು. ಅವರು ನಗುತ್ತಿದ್ದಾಗ ನನಗೆ ಮಾತ್ರ "ಆಮ್ಯಾಲ?" ಎಂದು ಕೇಳಿಸುತ್ತಿತ್ತು. ಕೇಳೋಣವೆಂದರೆ ಅಪ್ಪ ಹೋಗಿ ಎಷ್ಟೋ ಕಾಲವಾಯಿತು.

ಇವತ್ತು ಊಟ ಮುಗಿಸಿ ಗೋದಾವರಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಅವಳು ನನ್ನ ಸೋದರಮಾವನ ಮಗಳು, ಅಪ್ಪ ತಲಾಠಿಯಾಗಿದ್ದ ಹಳ್ಳಿಯ ಓಣಿಯಲ್ಲೇ ಆಡಿ ಬೆಳೆದವಳು. ಕೇಳಿದೆ, "ಗಾಣದ ಮಲ್ಲಪ್ಪನ ಹೇಣ್ತಿ ಹೆಸರೇನಿತ್ತು?"

"ತಂಗೆವ್ವ" ಎಂದಳು, ಕೈ ನಿಲ್ಲಿಸದೆ.

"ಬಡಿಗೇರ ಮನಿ ಮುದುಕಿ?"

"ಕಾಳವ್ವ. ನನಗ ಕಟಗಿ ಗೊಂಬಿ ಕೊಡಸಿದ್ದಳು. ಯಾಕ?"

"ಬಸಪ್ಪನ ಅವ್ವ?"

ಕೈ ನಿಂತಿತು. ಯೋಚಿಸಿದಳು. "ಬಸಪ್ಪನ ಅವ್ವ ಅಂತನ ಕರೀತಿದ್ವಿ. ಭಾಳ ಚಲೋ ಹಾಡ್ತಿದ್ದಳು, ಬೀಸೂಮುಂದ. ಹೆಸರು..." ತಲೆಯಲ್ಲಾಡಿಸಿದಳು.

ಹಾಡುತ್ತಿದ್ದಳು ಎಂಬುದೂ ನನಗೆ ಇವತ್ತೇ ಗೊತ್ತಾದದ್ದು. ಆ ಮುದುಕಿಯ ಒಂದು ಮಾತಿನಿಂದ ಇಷ್ಟು ವರ್ಷ ಚಹಾ ಕುಡಿದೆ. ಅವಳ ಹೆಸರು ಅಪ್ಪನ ಪಟ್ಟಿಯಲ್ಲೂ ಇಲ್ಲ, ನನ್ನ ಹತ್ತಿರವೂ ಇಲ್ಲ.

ಊರಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ತಂಗಿಯ ಮಗನಿಗೆ ಫೋನ್ ಮಾಡಿದೆ. "ಬಸಪ್ಪನ ಮನಿತನದಾವರು ಯಾರರೆ ಅದಾರೇನೋ? ಬಸಪ್ಪನ ಅವ್ವನ ಹೆಸರು ಏನಿತ್ತಂತ ಒಂಚೂರು ಕೇಳಿ ಹೇಳು."

ಅವನು ದನಿ ತಗ್ಗಿಸಿದ. "ಯಾಕ ಮಾಮಾ, ಆಸ್ತಿ ವಿಷಯೇನು?"

ಇಂಥ ಅವಕಾಶವನ್ನು ಕೈಬಿಟ್ಟವನಲ್ಲ ನಾನು. ಬೇರೆ ದಿನವಾಗಿದ್ದರೆ ಅವನನ್ನು ಒಂದು ವಾರ ಕುಣಿಸುತ್ತಿದ್ದೆ.

"ಹೌದಪಾ, ಆಸ್ತಿ ವಿಷಯನ" ಎಂದೆ, ನಗದೆ.

ವಿಚಾರಿಸಿ ಫೋನ್ ಮಾಡುತ್ತೇನೆ ಅಂದಿದ್ದಾನೆ. ಸಂಜೆಯಾಗುತ್ತ ಬಂತು. ಅವರೆಕಾಯಿ ಸುಲಿದು ಮುಗಿದಿದೆ, ಆದರೂ ಗೋದಾವರಿ ಒಳಗೆ ಎದ್ದು ಹೋಗಿಲ್ಲ. ಈಗಷ್ಟೇ ಇನ್ನೊಮ್ಮೆ ಕೇಳಿದಳು, "ಬಂತೇನ್ರಿ ಫೋನು?"